ಮುರುಗಲ ಮರದ ರಾಜಹಕ್ಕಿ ಗೂಡನ್ನು ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಸಿ ಕಡೆ, ಅಡಿಕೆ ತೋಟದ ಮೇಲಂಚಿನಲ್ಲಿ ಮನೆ. ಬಚ್ಚಲಮನೆಯ ಹಿಂದೆ ಒಂದು ಮುರುಗಲ ಮರವಿದೆ. ಅದರ ಬಾಗಿದ ಕೊಂಬೆಯ ತುದಿಯಲ್ಲಿ, ನನ್ನ ತಲೆಗಿಂತ ಎರಡು ಮೊಳ ಮೇಲೆ, ಬಟ್ಟಲಿನಂಥ ಪುಟ್ಟ ಗೂಡು. ಮೊದಲು ಕಂದು ಬಣ್ಣದ, ಕರಿ ಜುಟ್ಟಿನ ಹಕ್ಕಿ ಅದರಲ್ಲಿ ಕೂತಿದ್ದನ್ನು ನೋಡಿದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಗೂಡಿನಲ್ಲಿ ಹಾಲಿನಂಥ ಬಿಳಿ ಹಕ್ಕಿ! ಬಾಲ ರಿಬ್ಬನ್ನಿನ ಹಾಗೆ ಕೆಳಗೆ ಜೋತುಬಿದ್ದಿತ್ತು. ಪಕ್ಕದ ಮನೆಯವರು, ಅದು ಬೇರೆ ಜಾತಿ, ಮೊಟ್ಟೆ ಕದಿಯಲು ಬಂದಿದೆ, ಓಡಿಸಿ ಎಂದರು. ಎರಡು ಸಲ ಓಡಿಸಿದೆ. ಮತ್ತೆ ಬಂದು ಕೂರುತ್ತದೆ. ಹತ್ತು ದಿನದಿಂದ ಗೂಡು ಖಾಲಿ ಬಿಟ್ಟಿದ್ದೇ ಇಲ್ಲ. ಹೋದ ವರ್ಷ ಇದೇ ಮರದಲ್ಲಿ ಪಿಕಳಾರದ ಮೊಟ್ಟೆಗಳನ್ನು ಮಟಪಕ್ಷಿ ತಿಂದು ಹಾಕಿತ್ತು, ಹಾಗಾಗಿ ಗೂಡಿನ ಸುತ್ತ ಬಲೆ ಕಟ್ಟೋಣ ಎಂದು ಮಗ ಹೇಳುತ್ತಾನೆ. ಮುಟ್ಟಿದರೆ ಹಕ್ಕಿ ಗೂಡು ಬಿಡುತ್ತದೆ ಎಂದು ಅತ್ತೆ ಹೇಳುತ್ತಾರೆ. ಮುಂದಿನ ವಾರ ಕರೆಂಟ್ ಲೈನಿನವರು ಮರ ಸವರಲು ಬರುತ್ತಾರೆ, ಮಳೆಗೆ ಮುಂಚೆ ಮುರುಗಲ ಹಣ್ಣನ್ನೂ ಕೊಯ್ಯಬೇಕು. ಇದರ ಜೊತೆಗೆ ಪಕ್ಕದ ಹಲಸಿನ ಮರದಲ್ಲಿ ಕಾಜಾಣ ಗೂಡು ಮಾಡಿದೆ, ನಮ್ಮ ನಾಯಿಯ ತಲೆ ಕುಕ್ಕುತ್ತದೆ. ಅದನ್ನು ಓಡಿಸಬೇಕೆ? ಗೂಡನ್ನು ಬೇರೆ ಮರಕ್ಕೆ ಸಾಗಿಸಬಹುದೆ?

ಉತ್ತರ: ಮಿಕ್ಕಿದ್ದೆಲ್ಲ ನಿಧಾನವಾಗಿ ಓದಿ, ಇದೊಂದನ್ನು ಮಾತ್ರ ಈಗಲೇ ಮನೆಯವರಿಗೆಲ್ಲ ಹೇಳಿಬಿಡಿ: ಬಿಳಿ ಹಕ್ಕಿಯನ್ನು ಇನ್ನು ಓಡಿಸುವುದು ಬೇಡ. ಅದು ಆ ಮೊಟ್ಟೆಗಳ ಅಪ್ಪ. ಕಂದು ಹಕ್ಕಿ ಅಮ್ಮ. ಎರಡೂ ಪಾಳಿ ಹಾಕಿಕೊಂಡು ಕಾವಿಗೆ ಕೂರುತ್ತಿವೆ. ಎರಡು ಸಲ ಓಡಿಸಿದ್ದಕ್ಕೆ ಮೊಟ್ಟೆ ಹಾಳಾಗಿರುತ್ತದೆಯೇ ಎಂದು ಕೊರಗಬೇಡಿ. ಸ್ವಲ್ಪ ಹೊತ್ತು ತಂಪಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ನೇರ ಬಿಸಿಲು ಬಿದ್ದರೆ ಮಾತ್ರ ತಡೆಯುವುದಿಲ್ಲ. ಓಡಿಸಿದ ಮೇಲೂ ಅದು ಮರಳಿ ಬಂದು ಕೂತಿದೆ ಎಂದರೆ ಗೂಡು ಇನ್ನೂ ಜೀವಂತ ಇದೆ ಎಂದೇ ಅರ್ಥ.

ನೀವು ಹೇಳಿದ ಜುಟ್ಟು, ಬಾಲ, ಬಟ್ಟಲ ಗೂಡು, ಮೂರನ್ನೂ ಸೇರಿಸಿದರೆ ಇದು ರಾಜಹಕ್ಕಿ, ಅನುಮಾನವಿಲ್ಲ. ಬಾಲದಂಡೆ ಹಕ್ಕಿ ಎಂದೂ ಕರೆಯುತ್ತಾರೆ. ಮೈ ನೋಡಿದರೆ ಪಿಕಳಾರದಷ್ಟೇ, ಕೊಕ್ಕಿನಿಂದ ಮಾಮೂಲಿ ಬಾಲದ ತುದಿಗೆ ಸುಮಾರು 20 ಸೆಂ.ಮೀ. ತೂಕವೂ 20 ಗ್ರಾಂ ಆಸುಪಾಸು. ಬಲಿತ ಗಂಡಿನ ಬಾಲದಲ್ಲಿ ನಡುವಿನ ಎರಡು ಗರಿಗಳು ಮಾತ್ರ ಬೆಳೆಯುತ್ತಾ ಹೋಗಿ, ಮೈಗಿಂತಲೂ ಉದ್ದವಾಗಿ ಇಳಿಬೀಳುತ್ತವೆ. ನಿಮಗೆ ರಿಬ್ಬನ್ ಹಾಗೆ ಕಂಡದ್ದು ಅದೇ.

ಪಕ್ಕದ ಮನೆಯವರನ್ನು ತಪ್ಪೆನ್ನಲಾರೆ. ಹೆಣ್ಣು ಇಟ್ಟಿಗೆ ಕೆಂಪು, ಗಂಡು ಬೆಳ್ಳಗೆ, ಎರಡಕ್ಕೂ ಹೋಲಿಕೆ ಇರುವುದು ಹೊಳೆಯುವ ಕರಿ ತಲೆ ಮತ್ತು ಜುಟ್ಟಿನಲ್ಲಿ ಮಾತ್ರ. ಬೇರೆ ಬೇರೆ ಜಾತಿ ಎಂದುಕೊಳ್ಳುವುದು ಸಹಜ. ಕಳ್ಳನೆಂಬ ಅಪವಾದ ಈ ಹಕ್ಕಿಗೆ ಹೊಸತೂ ಅಲ್ಲ. ಸಿಂಹಳದಲ್ಲಿ ಬಿಳಿಯದಕ್ಕೆ 'ಬಟ್ಟೆ ಕಳ್ಳ' ಎಂದೂ ಕೆಂಪಿನದಕ್ಕೆ 'ಬೆಂಕಿ ಕಳ್ಳ' ಎಂದೂ ಅರ್ಥ ಬರುವ ಹೆಸರುಗಳಿವೆ. ಬಿಳಿ ಬಟ್ಟೆ ಎಳೆದುಕೊಂಡು ಓಡಿದಂತೆ ಹಾರುವುದನ್ನು ಒಮ್ಮೆ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಆದರೆ ಮೊಟ್ಟೆ ಕದಿಯುವುದು ಇದರಿಂದ ಆಗದ ಕೆಲಸ. ಇದರ ಊಟವೆಲ್ಲ ನೊಣ, ಪತಂಗ, ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಂಥ ಹಾರುವ ಹುಳುಗಳು. ಕೊಂಬೆಯಿಂದ ಚಿಮ್ಮಿ, ಗಾಳಿಯಲ್ಲೇ ಹಿಡಿದು, ಮತ್ತೆ ಬಂದು ಕೂರುತ್ತದೆ. ಬುಡ ಅಗಲವಾಗಿರುವ ನೀಲಿ ಕೊಕ್ಕು, ಅದರ ಸುತ್ತ ಮೀಸೆಯಂಥ ಬಿರುಗೂದಲು, ಎಲ್ಲ ಆ ಬೇಟೆಗೆ ಹೇಳಿ ಮಾಡಿಸಿದವು.

ಇದರಲ್ಲಿ ಇನ್ನೊಂದು ಗೊಂದಲವಿದೆ, ನಿಮ್ಮ ಮಗನಿಗೆ ಇಷ್ಟವಾಗಬಹುದು. ಗಂಡು ಹುಟ್ಟುವಾಗಲೇ ಬೆಳ್ಳಗಿರುವುದಿಲ್ಲ. ಮೊದಲ ಒಂದೆರಡು ವರ್ಷ ಅದೂ ಕೆಂಪು, ಬಾಲವೂ ಮೋಟು, ನೋಡಲು ಥೇಟ್ ಹೆಣ್ಣಿನ ಹಾಗೆ. ಆಮೇಲೆ ಬಾಲ ಬೆಳೆಯುತ್ತದೆ, ಬಣ್ಣ ಇನ್ನೂ ಕೆಂಪೇ. ಬಿಳಿ ಬರುವುದು ಮೂರನೇ ವರ್ಷದ ಸುಮಾರಿಗೆ. ನಡುವೆ ಅರ್ಧ ಕೆಂಪು ಅರ್ಧ ಬಿಳಿ ಇರುವ ಹಕ್ಕಿಗಳೂ ಸಿಗುತ್ತವೆ. ಬಾಲ ಪೂರ್ತಿ ಬೆಳೆದ ಮೇಲೂ ಕೆಂಪಾಗಿಯೇ ಉಳಿಯುವ ಗಂಡುಗಳೂ ಇವೆ, ಶ್ರೀಲಂಕಾದಲ್ಲೇ ನೆಲೆಸಿರುವ ಉಪಜಾತಿಯಲ್ಲಂತೂ ಗಂಡು ಬಿಳಿಯಾಗುವುದೇ ಇಲ್ಲ. ಹಾಗಾಗಿ ಎರಡು ಮೋಟು ಬಾಲದ ಕೆಂಪು ಹಕ್ಕಿಗಳು ಒಂದೇ ಗೂಡಿಗೆ ಗುಟುಕು ತರುತ್ತಿದ್ದರೆ 'ಎರಡು ಹೆಣ್ಣು' ಎಂದುಕೊಳ್ಳಬಾರದು, ಒಂದು ಎಳೆಯ ಗಂಡು ಇರಬಹುದು. ಗಂಟಲು ನೋಡಿ. ಗಂಡಿನ ಗಂಟಲು ತಲೆಯಷ್ಟೇ ಕಪ್ಪು. ಹೆಣ್ಣಿನ ತಲೆಯ ಕಪ್ಪು ಕೆನ್ನೆಗೆ ಇಳಿಯುತ್ತಿದ್ದ ಹಾಗೆ ಬೂದಿಗೆ ತಿರುಗುತ್ತದೆ. ನಾನು ಈ ಕೆಲಸ ಕಲಿಯುವಾಗ ಬಾಲವನ್ನೇ ನೋಡುತ್ತಾ ಬಹಳ ದಿನ ತಪ್ಪು ಬರೆದುಕೊಂಡಿದ್ದೆ. ಗಂಟಲು ನೋಡಲು ಹಿರಿಯರೊಬ್ಬರು ಹೇಳಿಕೊಟ್ಟ ಮೇಲೆ ಹಳೆಯ ನೋಟ್‌ಬುಕ್ಕಿನ ಎಷ್ಟೋ ಪುಟಗಳನ್ನು ತಿದ್ದಬೇಕಾಯಿತು.

ಬಚ್ಚಲಮನೆಯ ಹಿಂದೆಯೇ ಯಾಕೆ ಗೂಡು? ರಾಜಹಕ್ಕಿಗೆ ಬೇಕಾದದ್ದು ನೆರಳು, ನೀರು, ಹುಳ. ಮೇಲೆ ದಟ್ಟ ಮರ, ಕೆಳಗೆ ಹಾರಾಡಲು ಬಯಲು ಜಾಗ, ಹತ್ತಿರದಲ್ಲಿ ಹಳ್ಳವೋ ತೇವವೋ ಇರುವ ಕಾಡಂಚು, ಬಿದಿರು ಮೆಳೆ, ತೋಪುಗಳಲ್ಲಿ ಇದು ಇರುತ್ತದೆ. ನಿಮ್ಮ ತೋಟ, ಅದಕ್ಕೆ ಆತುಕೊಂಡ ಸೊಪ್ಪಿನ ಬೆಟ್ಟ, ಬಚ್ಚಲ ನೀರು ಹರಿಯುವ ಕಾಲುವೆಯ ಮೇಲೆ ಏಳುವ ಸೊಳ್ಳೆ ನೊಣ, ಇಷ್ಟು ಒಂದೇ ಕಡೆ ಸಿಕ್ಕರೆ ಅದು ಬೇರೆಲ್ಲಿಗೆ ಹೋಗಬೇಕು? ಸಂಜೆ ಹೊತ್ತು ನೋಡಿ, ನೀರು ನಿಂತಲ್ಲಿ ಕೊಂಬೆಯಿಂದ ಬಾಣದ ಹಾಗೆ ಇಳಿದು ಒಮ್ಮೆ ಮುಳುಗಿ ಹೋಗುತ್ತದೆ, ಅದರ ಸ್ನಾನ ಅದು. ಕೂಗು ಮಾತ್ರ ರೂಪಕ್ಕೆ ತಕ್ಕದ್ದಲ್ಲ, 'ಚ್ರೀ, ಚ್ರೀಕ್' ಎಂದು ಒರಟಾಗಿ ಕಿರುಚುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಇಂಪಾದ ಸಣ್ಣ ಹಾಡೂ ಇದೆ, ಗಂಡು ಹೆಣ್ಣು ಎರಡೂ ಹಾಡುತ್ತವೆ. ಕಾರ್ತಿಕ ಕಳೆದ ಮೇಲೆ ನಿಮ್ಮ ಕಡೆ ಇವು ಜಾಸ್ತಿ ಕಂಡರೆ ಆಶ್ಚರ್ಯವಿಲ್ಲ, ಹಿಮಾಲಯದ ಕಡೆ ಮರಿ ಮಾಡುವ ರಾಜಹಕ್ಕಿಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತವೆ.

ಇನ್ನು ಕಾಜಾಣದ ವಿಷಯ. ದಯವಿಟ್ಟು ಅದನ್ನು ಓಡಿಸಬೇಡಿ, ನಾಯಿಯನ್ನು ಮೂರು ವಾರ ಅಂಗಳದ ಆ ಕಡೆ ಕಟ್ಟಿ. ಕಾಜಾಣ ತನ್ನ ಗೂಡಿನ ಹತ್ತಿರ ಕಾಗೆ, ಮಟಪಕ್ಷಿ, ಗಿಡುಗ ಯಾವುದನ್ನೂ ಸುಳಿಯಗೊಡುವುದಿಲ್ಲ. ರಾಜಹಕ್ಕಿ ಎಷ್ಟೋ ಸಲ ಬೇಕೆಂದೇ ಕಾಜಾಣದ ಗೂಡಿನ ಆಸುಪಾಸಿನಲ್ಲಿ ಗೂಡು ಹಾಕುತ್ತದೆ. ಪುಕ್ಕಟೆ ಕಾವಲು. ನೀವು ಬಲೆ ಕಟ್ಟಿ ಪಡೆಯಬೇಕೆಂದಿರುವ ರಕ್ಷಣೆಯ ಬಹುಪಾಲು ಆ ಹಲಸಿನ ಮರದಲ್ಲಿ ಆಗಲೇ ಕೂತಿದೆ. (ಇವು ದೂರದ ನೆಂಟರೂ ಹೌದು. 1758ರಲ್ಲಿ ಲಿನೇಯಸ್ ಈ ಹಕ್ಕಿಗೆ ಶಾಸ್ತ್ರೀಯ ಹೆಸರಿಟ್ಟಾಗ ಕಾಗೆಗಳ ಗುಂಪಿಗೆ ಸೇರಿಸಿದ್ದ. ಅದು ಸರಿಯಲ್ಲವೆಂದು ನೊಣಹಿಡುಕಗಳ ಜೊತೆ ಇಟ್ಟರು. ಈಗ ನೋಡಿದರೆ ರಾಜಹಕ್ಕಿ ನಿಜವಾದ ನೊಣಹಿಡುಕಗಳ ಕುಟುಂಬಕ್ಕೆ ಸೇರಿದ್ದಲ್ಲ, ಕಾಜಾಣ, ಕಾಗೆಗಳ ಕಡೆಯ ಬಳಗ.)

ಅತ್ತೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಮನುಷ್ಯರ ವಾಸನೆ ತಾಗಿತೆಂದು ಹಕ್ಕಿ ಗೂಡು ಬಿಡುವುದಿಲ್ಲ. ಅದು ಬಿಡುವುದು ಹೆದರಿಕೆಗೆ. ಗೂಡು ಕಟ್ಟುವಾಗ, ಮೊಟ್ಟೆ ಇಡುವ ಮೊದಲ ದಿನಗಳಲ್ಲಿ ಆ ಹೆದರಿಕೆ ಹೆಚ್ಚು, ಆಗ ಒಂದೆರಡು ಸಲ ಕೆದಕಿದರೂ ಬಿಟ್ಟು ಹೋಗಿಬಿಡಬಹುದು. ಕಾವು ಮುಂದುವರಿದಷ್ಟೂ, ಮರಿ ಬಂದ ಮೇಲಂತೂ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮದು ಹತ್ತು ದಿನ ದಾಟಿದೆ, ಆ ಮಟ್ಟಿಗೆ ಧೈರ್ಯವಾಗಿರಿ.

ನನಗೆ ಹೆಚ್ಚು ಭಯ ಇರುವುದು ಇನ್ನೊಂದಕ್ಕೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಹಳ್ಳದ ಪಕ್ಕದ ಒಂದು ರಾಜಹಕ್ಕಿ ಗೂಡನ್ನು ದಿನಾ ಬೆಳಗ್ಗೆ ಹೋಗಿ ನೋಡಿ ಬರುತ್ತಿದ್ದೆ. ಮುಟ್ಟುತ್ತಿರಲಿಲ್ಲ, ನಾಲ್ಕು ಮಾರು ದೂರದಲ್ಲಿ ನಿಂತು ಐದು ನಿಮಿಷ ನೋಡುವುದು ಅಷ್ಟೇ. ಒಂಬತ್ತನೇ ದಿನ ಗೂಡು ಖಾಲಿ. ಹೊರಡಲು ತಿರುಗಿದಾಗ ಕಂಡದ್ದು, ಹುಲ್ಲಿನಲ್ಲಿ ನಾನೇ ತುಳಿದು ಮಾಡಿದ್ದ ಕಾಲುದಾರಿ, ನೇರ ಗೂಡಿನ ಬುಡಕ್ಕೆ. ತಲೆಯ ಮೇಲೆ ಒಂದು ಮಟಪಕ್ಷಿ ಕೊಂಬೆಯಿಂದ ಕೊಂಬೆಗೆ ನನ್ನ ಜೊತೆಗೇ ಬರುತ್ತಿತ್ತು. ಮೊಟ್ಟೆ ತಿಂದದ್ದು ಅದೇ ಎಂದು ನಾನು ಕಣ್ಣಾರೆ ನೋಡಿಲ್ಲ. ಆದರೆ ಕಾಗೆ ಜಾತಿಯ ಹಕ್ಕಿಗಳು ಮನುಷ್ಯ ಎಲ್ಲಿ ನಿಂತು ಏನು ನೋಡುತ್ತಾನೆ ಎಂದು ಗಮನಿಸುತ್ತವೆ. ನಾವು ಹೋದಾಗ ತಾಯಿ ಹಕ್ಕಿ ಗೂಡಿನಿಂದ ಎದ್ದು ಕಿರುಚುತ್ತದೆ, ಅದು ಸುತ್ತಲಿನವಕ್ಕೆಲ್ಲ ಗೂಡಿನ ವಿಳಾಸ ಕೊಟ್ಟ ಹಾಗೆ. ಅಂದಿನಿಂದ ಯಾವ ಗೂಡಿಗೂ ನಾನು ಒಂದೇ ದಾರಿಯಲ್ಲಿ ಎರಡು ಸಲ ಹೋಗಿಲ್ಲ, ಬಹಳಷ್ಟು ಗೂಡುಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ನೀವು ಕೇಳಿದ ದಾರಿಗಳನ್ನು ಈ ಲೆಕ್ಕದಲ್ಲೇ ನೋಡೋಣ.

ಬಲೆ ಬೇಡವೇ ಬೇಡ. ಕಟ್ಟಲು ಏಣಿ ಹಾಕಬೇಕು, ಅರ್ಧ ಗಂಟೆಯಾದರೂ ಕೊಂಬೆ ಅಲ್ಲಾಡುತ್ತದೆ. ಕಟ್ಟಿದ ಮೇಲೆ ಗಂಡಿನ ಬಾಲ ಕಣ್ಣಿಗೆ ಸಿಕ್ಕಿಕೊಂಡರೆ ಅದು ಅಲ್ಲೇ ಒದ್ದಾಡಿ ಸಾಯುತ್ತದೆ. ಹಕ್ಕಿ ನುಸುಳುವಷ್ಟು ದೊಡ್ಡ ಕಣ್ಣು ಬಿಟ್ಟರೆ ಹಾವಿಗೂ ಅದೇ ದಾರಿ. ಕೆಲವರು ಬುಡಕ್ಕೆ ತಗಡು ಸುತ್ತುತ್ತಾರೆ, ಅಳಿಲು, ಹಾವು, ಬೆಕ್ಕು ಹತ್ತದಿರಲಿ ಎಂದು. ಒಂಟಿ ಮರಕ್ಕೆ ಅದು ಒಳ್ಳೆಯ ಉಪಾಯವೇ. ನಿಮ್ಮ ಮರದ ಕೊಂಬೆ ಬಚ್ಚಲ ಹಂಚಿಗೋ ಹಲಸಿಗೋ ತಾಗಿದ್ದರೆ ಮಾತ್ರ ಪ್ರಯೋಜನವಿಲ್ಲ, ಎಲ್ಲವೂ ಮೇಲಿನಿಂದ ಬರುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಒಳಗೆ ಇಟ್ಟುಕೊಳ್ಳುವುದು ಈ ಎಲ್ಲಕ್ಕಿಂತ ದೊಡ್ಡ ಉಪಕಾರ.

ಗೂಡನ್ನು ಬೇರೆ ಮರಕ್ಕೆ ಸಾಗಿಸುವ ಯೋಚನೆಯನ್ನೂ ಬಿಡಿ. ಹತ್ತಿರದಿಂದ ನೋಡಿದ್ದರೆ ಗೊತ್ತಾಗಿರುತ್ತದೆ, ಆ ಬಟ್ಟಲು ನಾರು, ಹುಲ್ಲು, ಸಣ್ಣ ಬೇರುಗಳದ್ದು. ಹೊರಗೆಲ್ಲ ಜೇಡರ ಬಲೆ ಸುತ್ತಿ, ಬಿಳಿ ಜೇಡರ ಮೊಟ್ಟೆಚೀಲಗಳನ್ನು ಅಂಟಿಸಿ, ಕವಲಿಗೆ ಬಿಗಿದಿರುತ್ತದೆ. ಕೊಂಬೆಯಿಂದ ಬಿಡಿಸಿದರೆ ಆಕಾರವೇ ಉಳಿಯುವುದಿಲ್ಲ. ಉಳಿದರೂ ತಂದೆತಾಯಿ ಹುಡುಕಿಕೊಂಡು ಬರುವುದು ಹಳೆಯ ಕವಲಿಗೇ. ಕಾನೂನಿನ ಮಾತೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನು, ಮೊಟ್ಟೆ ಗೂಡುಗಳನ್ನು ಕದಲಿಸುವುದನ್ನು ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಹೆದರಿಸಲು ಹೇಳುತ್ತಿಲ್ಲ, ಲೈನಿನವರ ಹತ್ತಿರ ಮಾತಾಡುವಾಗ ನಿಮಗೆ ಉಪಯೋಗಕ್ಕೆ ಬರಬಹುದು.

ಲೈನಿನವರು ಬರುವುದೇ ನಿಜವಾದ ಸಮಸ್ಯೆ. ಲೆಕ್ಕ ಹೀಗಿದೆ. ರಾಜಹಕ್ಕಿ ಮೂರು ನಾಲ್ಕು ಮೊಟ್ಟೆ ಇಟ್ಟು ಎರಡು ವಾರದ ಆಸುಪಾಸು ಕಾವು ಕೊಡುತ್ತದೆ. ಮರಿ ಗೂಡಿನಲ್ಲಿರುವುದು ಮತ್ತೆ 10-12 ದಿನ. ನಿಮ್ಮಲ್ಲಿ ಹತ್ತು ದಿನ ಕಳೆದಿದೆ ಎಂದರೆ ಇನ್ನು ನಾಲ್ಕೈದು ದಿನದಲ್ಲಿ ಮರಿ, ಒಟ್ಟು 14ರಿಂದ 17 ದಿನದಲ್ಲಿ ಗೂಡು ಖಾಲಿ. ಅಷ್ಟು ದಿನ ಮುಂದಕ್ಕೆ ಹಾಕಿ ಎಂದು ಲೈನಿನವರನ್ನು ಕೇಳಿ. ಮುಂಗಾರು ಹತ್ತಿರ ಬಂದಿರುವುದರಿಂದ ಅವರು ಒಪ್ಪದಿದ್ದರೆ ಅವರ ತಪ್ಪೂ ಅಲ್ಲ, ಗಾಳಿಗೆ ಕೊಂಬೆ ತಂತಿಗೆ ಬಡಿದರೆ ಅಪಾಯ ಮನುಷ್ಯರಿಗೆ. ಆಗ ನೀವು ಮರದ ಬುಡದಲ್ಲೇ ನಿಂತು, ತಂತಿಗೆ ತಾಗುವ ಮೇಲಿನ ಕೊಂಬೆಗಳನ್ನು ಮಾತ್ರ ಸವರಿಸಿ. ಗೂಡಿರುವುದು ಕೆಳಗಿನ ಬಾಗಿದ ಕೊಂಬೆಯಲ್ಲಿ, ಅದು ತಂತಿಗೆ ತೊಡಕಾಗುವ ಸಂಭವ ಕಡಿಮೆ. ಗೂಡಿಗೆ ನೇರ ಮೇಲಿರುವ ಎರಡು ಮೂರು ಕೊಂಬೆಗಳನ್ನು ಏನಾದರೂ ಮಾಡಿ ಉಳಿಸಿಕೊಳ್ಳಿ, ಮಧ್ಯಾಹ್ನದ ಬಿಸಿಲಿಗೆ ಅದೇ ಕೊಡೆ. ಆ ನೆರಳು ಹೋದರೆ ಗೂಡು ಜಾಗದಲ್ಲೇ ಇದ್ದರೂ ಮರಿ ಬದುಕುವುದಿಲ್ಲ. ಕಡಿದ ಕೊಂಬೆಯನ್ನು ಧೊಪ್ಪೆಂದು ಕೆಡವದೆ ಹಗ್ಗ ಕಟ್ಟಿ ಇಳಿಸಲಿ. ಬೆಳಗಿನ ಹೊತ್ತು, ಬಿಸಿಲು ಏರುವ ಮುಂಚೆ, ಅರ್ಧ ಗಂಟೆಯೊಳಗೆ ಮುಗಿದರೆ ಹಕ್ಕಿ ಮರಳಿ ಬಂದು ಕೂರುವ ಸಾಧ್ಯತೆಯೇ ಹೆಚ್ಚು. ಕೂರದೆಯೂ ಇರಬಹುದು, ಆ ಅಪಾಯ ಪೂರ್ತಿ ತಪ್ಪಿಸಲು ನನ್ನಲ್ಲಿ ಉಪಾಯವಿಲ್ಲ.

ಮುರುಗಲ ಹಣ್ಣನ್ನು ಮರದ ಆಚೆ ಬದಿಯಲ್ಲಿ ಕೊಯ್ಯಿರಿ. ಗೂಡಿನ ಕೊಂಬೆಯ ಹಣ್ಣು ಈ ವರ್ಷ ಬಿದ್ದು ಹೋಗಲಿ.

ಮಗನಿಗೆ ಫೋಟೋ ತೆಗೆಯುವ ಆಸೆ ಇದ್ದರೆ ಬಚ್ಚಲಮನೆಯ ಕಿಟಕಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಈ ಜೋಡಿ ನಿಮ್ಮ ಮನೆಯ ದಿನನಿತ್ಯದ ಸದ್ದು ನೋಡಿಯೇ ಗೂಡು ಕಟ್ಟಿದೆ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ಮಾತು, ಎಲ್ಲ ಎಂದಿನಂತೆಯೇ ನಡೆಯಲಿ, ಅದಕ್ಕೆ ಅವು ಒಗ್ಗಿವೆ. ಮನುಷ್ಯ ಮರದ ಕೆಳಗೆ ಬಂದು ನಿಂತು ಮೇಲೆ ನೋಡಿದರೆ ಮಾತ್ರ ಗಾಬರಿ. ಫ್ಲಾಶ್ ಬೇಡ. ಚಿತ್ರಕ್ಕೆ ಅಡ್ಡ ಬರುತ್ತದೆಂದು ಎಲೆ ಸರಿಸಿ ಕಟ್ಟುವುದಂತೂ ಬೇಡವೇ ಬೇಡ. ಎಲೆ ಸರಿಸಿದ ಗೂಡುಗಳಲ್ಲಿ ಬಿಸಿಲಿಗೆ ಬೆಂದ ಮರಿಗಳನ್ನು ನಾನು ನೋಡಿದ್ದೇನೆ, ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ಫೋಟೋವನ್ನು ಮೊಬೈಲಿನಲ್ಲಿ ಹಂಚುವುದನ್ನೂ ಮರಿ ಹಾರುವ ತನಕ ತಡೆಹಿಡಿಯಿರಿ. ರಾಜಹಕ್ಕಿ ಗೂಡು ಎಂದರೆ ಊರ ಹೊರಗಿನಿಂದಲೂ ಕ್ಯಾಮೆರಾ ಹಿಡಿದು ಬರುವವರಿದ್ದಾರೆ.

ಕಿಟಕಿಯಿಂದ ನೋಡಲು ಏನೇನಿದೆ ಎಂದರೆ, ಪಾಳಿ ಬದಲಾಗುವ ಗಳಿಗೆಯನ್ನು ಕಾಯಿರಿ. ಕೂತಿದ್ದ ಹಕ್ಕಿ ಇನ್ನೊಂದು ಬರುವ ತನಕ ಕದಲುವುದಿಲ್ಲ. ಹತ್ತಿರದ ಕೊಂಬೆಯಿಂದ ಒಂದು ಸಣ್ಣ ಕರೆ, ಇದು ಎದ್ದು ಹಾರಿತು, ಅದು ಬಂದು ಎದೆ ಒತ್ತಿ ಎರಡು ಸಲ ಮೈ ಆಡಿಸಿ ಕೂತಿತು. ಗಂಡು ಕೂತರೆ ಬಾಲವನ್ನು ಇಡಲು ಜಾಗವಿಲ್ಲ, ಗೂಡಿನ ಅಂಚಿನ ಮೇಲಿಂದ ಹೊರಗೆ ಬಿಟ್ಟುಕೊಂಡಿರುತ್ತದೆ, ಗಾಳಿ ಬಂದಾಗ ಬಾಲ ಒಂದೇ ಓಲಾಡುತ್ತದೆ, ಹಕ್ಕಿ ಅಲ್ಲಾಡುವುದಿಲ್ಲ. ಆಗ ಅದರ ಕಣ್ಣಿನ ಸುತ್ತ ಇರುವ ನೀಲಿ ಬಳೆ ಸ್ಪಷ್ಟ ಕಾಣುತ್ತದೆ. ಒಂದು ದಿನ ಅವು ಕೊಕ್ಕಿನಲ್ಲಿ ಹುಳ ಹಿಡಿದು ಬರಲು ಶುರುಮಾಡುತ್ತವೆ, ಹೋಗುವಾಗ ಬಿಳಿ ಗುಳಿಗೆಯಂಥದ್ದನ್ನು ಕಚ್ಚಿಕೊಂಡು ಹೋಗುತ್ತವೆ. ಅದು ಮರಿಯ ಹಿಕ್ಕೆ. ಏಣಿ ಹಾಕದೆಯೇ ಮರಿ ಬಂದದ್ದು ಹಾಗೆ ಗೊತ್ತಾಗುತ್ತದೆ.

ಅಡ್ಡಮಳೆ ಬಂದರೆ ಗೂಡಿನ ಮೇಲೆ ಪ್ಲಾಸ್ಟಿಕ್ ಕಟ್ಟಲು ಓಡಬೇಡಿ. ಕೂತ ಹಕ್ಕಿ ರೆಕ್ಕೆ ಸ್ವಲ್ಪ ಹರಡಿ ಮೊಟ್ಟೆ ಮರಿಗಳನ್ನು ಮುಚ್ಚಿಕೊಳ್ಳುತ್ತದೆ, ಮುರುಗಲ ಎಲೆಯೂ ದಟ್ಟ.

ಮರಿ ಕೆಳಗೆ ಬಿದ್ದರೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಆ ದಿನ ಪತ್ರ ಬರೆದು ಉತ್ತರ ಕಾಯುವಷ್ಟು ಹೊತ್ತು ಇರುವುದಿಲ್ಲ. ಪುಕ್ಕ ಮೂಡದ ಮರಿ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಿ. ಆಗ ಏಣಿ ಹಾಕಿದರೂ ತಪ್ಪಿಲ್ಲ, ಮುಟ್ಟಿದ ಕಾರಣಕ್ಕೆ ತಾಯಿ ಬಿಡುವುದಿಲ್ಲ. ಮೈ ತುಂಬ ಪುಕ್ಕ ಬಂದು, ಮೋಟು ಬಾಲದಲ್ಲಿ ಕುಪ್ಪಳಿಸುವ ಮರಿಯಾದರೆ ಅದು ಬಿದ್ದದ್ದಲ್ಲ, ಗೂಡು ಬಿಟ್ಟದ್ದು. ಹತ್ತಿರದ ಪೊದೆಯ ಕೊಂಬೆಗೆ ಏರಿಸಿ ದೂರ ಬನ್ನಿ. ಅಪ್ಪ ಅಮ್ಮ ಅಲ್ಲೇ ಬಂದು ಗುಟುಕು ಕೊಡುತ್ತವೆ. ಹಾಲು, ಅನ್ನ, ಬಾಯಿಗೆ ನೀರು ಬಿಡುವುದು ಯಾವುದೂ ಬೇಡ, ನೀರು ಉಸಿರಿನ ಕೊಳವೆಗೆ ಹೋಗಿ ಸಾಯುವ ಮರಿಗಳೇ ಹೆಚ್ಚು.

ಇಷ್ಟು ಮಾಡಿಯೂ ಒಂದು ಬೆಳಗ್ಗೆ ಗೂಡು ಖಾಲಿ ಇರಬಹುದು. ರಾತ್ರಿ ಮರ ಹತ್ತುವ ಹಾವನ್ನು ಕಾಜಾಣವೂ ತಡೆಯಲಾರದು. ಹಾಗಾದರೆ ಹಾವನ್ನು ಹುಡುಕಿ ಹೊಡೆಯಬೇಡಿ. ಕಾಲ ಇನ್ನೂ ಮೀರದಿದ್ದರೆ ಅದೇ ಜೋಡಿ ಇನ್ನೊಂದು ಕವಲು ಹುಡುಕಿ ಮತ್ತೆ ನಾರು ಹೆಕ್ಕಲು ಶುರುಮಾಡುವುದುಂಟು.

ಮರಿಗಳು ಗೂಡು ಬಿಟ್ಟ ಮೇಲೂ ಎರಡು ಮೂರು ದಿನ ಆ ಕಡೆ ದರಕು ಗುಡಿಸಬೇಡಿ, ಸೊಪ್ಪು ಕಡಿಯಬೇಡಿ, ಅವು ಅಲ್ಲೇ ತಗ್ಗಿನ ಕೊಂಬೆಗಳಲ್ಲಿ ಕೂತಿರುತ್ತವೆ. ಆಮೇಲೆ ಉಳಿದ ಹಣ್ಣು ಕೊಯ್ದುಕೊಳ್ಳಿ. ಎಷ್ಟು ಮರಿ ಹೊರಬಂದವು ಎಂದು ನನಗೊಂದು ಸಾಲು ಬರೆಯಿರಿ. ಮುಂದಿನ ವರ್ಷ ಅದೇ ಕಾಲುವೆಯ ಮೇಲೆ ಮೋಟು ಬಾಲದ ಕೆಂಪು ಹಕ್ಕಿಯೊಂದು ಕಂಡರೆ ಅದರ ಗಂಟಲು ಕಪ್ಪೋ ಬೂದಿಯೋ, ಅದನ್ನೂ ಮಗನಿಂದ ಬರೆಸಿ.